ಬಚ್ಚಿಟ್ಟ ಇಪ್ಪತ್ತು ಸಾಲು

೯ ಫೆಬ್ರವರಿ ೨೦೦೯, ಸೋಮವಾರ
ಕ್ಯಾಬ್ ಮತ್ತೆ ಲೇಟು. ನೋಯ್ಡಾ ಆಫೀಸು ಮುಟ್ಟುವಷ್ಟರಲ್ಲಿ ಮೀಟಿಂಗ್ ಅರ್ಧ ಮುಗಿದಿತ್ತು. ಕೆನಡಾದ ಆಸ್ಪತ್ರೆಗಳ ಔಷಧಿ ಲೆಕ್ಕದ ಸಾಫ್ಟ್‌ವೇರ್ ಪ್ರಾಜೆಕ್ಟು — ನಾನೂ ಸೋಮಶೇಖರನೂ ನಾಲ್ಕು ವರ್ಷ ತೇಯ್ದದ್ದು — ವಿಯೆಟ್ನಾಮಿಗೆ ಹೋಗುತ್ತದಂತೆ. ಅಲ್ಲಿಯವರು ನಮಗಿಂತ ಅಗ್ಗ. ನಿನ್ನೆಯವರೆಗೆ ನಾವೇ ಅಗ್ಗದವರು; ಅದನ್ನೇ ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದೆವು. ಥೂ.
ಪೈಪೋಟಿಗೆ ಉಪಾಯ ಹೇಳಿ ಅಂದ ಮ್ಯಾನೇಜರ್ ಭಾಟಿಯಾ. ‘ಅಲ್ಲಿನ ನರ್ಸುಗಳ ಜೊತೆ ನಾವೇ ನೇರ ಮಾತಾಡ್ತೀವಿ, ಬಿಡಿ. ಅವರ ಕೆಲಸ ನಮ್ಮಷ್ಟು ತಿಳಿದವರು ಬೇರೆ ಯಾರಿದ್ದಾರೆ?’ ಅಂದೆ.
‘ದೇವಕಿಜೀ, ಯೇ ಯೂನಿಯನ್ ಆಫೀಸ್ ನಹೀ ಹೈ.’
ಇದು ಯೂನಿಯನ್ ಆಫೀಸಲ್ಲವಂತೆ. ಎಲ್ಲರೂ ನಕ್ಕರು. ನಾಳೆ ಕೆಲಸ ಕಳಕೊಂಡು ಮನೆಗೆ ಹೋಗುವವರೂ.

೧೧ ಫೆಬ್ರವರಿ
ನನ್ನ ಜಾಗಕ್ಕೆ ಬರುವ ಹನೋಯ್‌ನ ಹುಡುಗಿಗೆ ನಾನೇ ಕಲಿಸಬೇಕು, ಫೋನಿನಲ್ಲಿ. ‘ಕಲಿತಳು’ ಎಂದು ಸಹಿ ಹಾಕಿದ ದಿನ ನನ್ನ ಕೆಲಸ ಹೋಯಿತು. ನನ್ನ ಗುಂಡಿ ನಾನೇ ತೋಡಬೇಕು, ಅಳತೆಯೂ ಸರಿಯಿರಬೇಕು!
ಕ್ಯಾಂಟೀನಿನಲ್ಲಿ ಸೋಮಶೇಖರ: ‘ಎಲ್ಲಾ ಹೇಳ್ಕೊಡಮ್ಮ, ಆ ಪೌಂಡ್ ವಿಷಯ ಒಂದು ಬಿಟ್ಟು. ಆರು ತಿಂಗಳಲ್ಲಿ ಮೇಡಂ ಮೇಡಂ ಅಂತ ಓಡಿ ಬರ್ತಾರೆ.’
‘ನಿಂದೇನು ಉಪಾಯ?’
‘ನನ್ನ ಕೋಡು ಈಗ ನನಗೇ ಅರ್ಥ ಆಗಲ್ಲ. ಇನ್ಯಾರು ಮುಟ್ತಾರೆ?’
ಪೌಂಡ್ ವಿಷಯ ಇಷ್ಟೇ. ಎರಡು ಹಳೇ ಆಸ್ಪತ್ರೆಗಳಲ್ಲಿ ಮಕ್ಕಳ ತೂಕ ಪೌಂಡಿನಲ್ಲಿ ಬರೆಯುತ್ತಾರೆ. ಉಳಿದೆಡೆ ಕಿಲೋ. ಅದನ್ನು ಕಿಲೋಗೆ ತಿರುಗಿಸುವ ಇಪ್ಪತ್ತು ಸಾಲು ನಾನು ಬರೆದದ್ದು. ಯಾವ ದಾಖಲೆಯಲ್ಲೂ ಇಲ್ಲ. ಕಸವೆಂದು ಯಾರಾದರೂ ಅಳಿಸಿದರೆ ಪೌಂಡೇ ಕಿಲೋ ಎಂದು ಲೆಕ್ಕವಾಗಿ — ಮಗುವಿಗೆ ಎರಡು ಪಟ್ಟಿಗೂ ಹೆಚ್ಚು ಔಷಧಿ.

೨೩ ಫೆಬ್ರವರಿ
ಹುಡುಗಿಯ ಹೆಸರು ಲಿನ್. ಚುರುಕು. ದರಿದ್ರ ಚುರುಕು. ನನ್ನನ್ನು ಅಕ್ಕ ಅನ್ನುವ ಹಾಗೆ ‘ಸಿಸ್ಟರ್’ ಅಂತಾಳೆ. ಇಂದು ಆ ಸಾಲುಗಳಿಗೆ ಬಂದಳು. ‘ಸಿಸ್ಟರ್, ಇದು ಯಾಕೆ? ತೆಗೆದುಬಿಡಲಾ?’
‘ನಾಳೆ ನೋಡೋಣ’ ಅಂದೆ.
ನಾನು! ವಿದ್ಯೆ ಬಚ್ಚಿಟ್ಟವರ ವಿರುದ್ಧ ಬೀದಿಯಲ್ಲಿ ಹಲಗೆ ಬಡಿದವಳು. ಅಪ್ಪ ಶಾನುಭೋಗರ ಜಗಲಿಯ ಕೆಳಗೆ ನಿಂತು ತನ್ನದೇ ಜಮೀನಿನ ಕಾಗದ ಓದಿಸಿಕೊಳ್ಳುತ್ತಿದ್ದ. ಅವರು ತಮಗೆ ಬೇಕಾದ ಸಾಲು ಮಾತ್ರ ಓದುತ್ತಿದ್ದರು. ಇವತ್ತು ಆ ಜಗಲಿಯ ಮೇಲೆ ನಾನು ಕೂತೆ.

೨೪ ಫೆಬ್ರವರಿ, ಬೆಳಿಗ್ಗೆ ೧೧-೪೦
ಹೇಳಿಬಿಟ್ಟೆ. ಎರಡೂ ಆಸ್ಪತ್ರೆಯ ಹೆಸರು ಎರಡೆರಡು ಸಲ ಬರೆಸಿದೆ.
ಸೋಮಶೇಖರ ಕುರ್ಚಿ ಒದ್ದ. ‘ತಲೆ ಕೆಟ್ಟಿದೆಯಾ ನಿಂಗೆ? ಕೈಲಿದ್ದದ್ದು ಒಂದೇ ಕಲ್ಲು, ಅದನ್ನೂ ಬಿಸಾಕಿದೆಯಲ್ಲ!’
‘ಆ ಕಲ್ಲು ಬೀಳೋದು ಭಾಟಿಯಾ ತಲೆ ಮೇಲಲ್ಲ ಕಣೋ. ಯಾವುದೋ ಮಗುವಿನ ತಲೆ ಮೇಲೆ.’
ಮಾತು ಬಿಟ್ಟಿದ್ದಾನೆ. ಬಿಡಲಿ.

೬ ಮಾರ್ಚ್, ಶುಕ್ರವಾರ
ಸಹಿ ಹಾಕಿದೆ. ಕೊನೆಯ ಕಾಲ್. ಭಾಟಿಯಾ ಪಕ್ಕದಲ್ಲೇ. ಲಿನ್ ಅಳುಕುತ್ತ ಕೇಳಿದಳು: ‘ಸಿಸ್ಟರ್, ಇಷ್ಟು ಚೆನ್ನಾಗಿ ಗೊತ್ತಿರೋ ನಿಮ್ಮನ್ನ ಯಾಕೆ ತೆಗೆದರು? ಏನಾದರೂ ತಪ್ಪು ಮಾಡಿದಿರಾ?’
ಅವಳಿಗೆ ಯಾರೂ ಹೇಳಿಯೇ ಇಲ್ಲ!
‘ಇಲ್ಲಮ್ಮ, ನಿನಗೆ ಅವರು ಕೊಡೋ—’ ಅನ್ನುವಷ್ಟರಲ್ಲಿ ಭಾಟಿಯಾ ಫೋನ್ ಕುಕ್ಕಿದ. ‘ಬಸ್. ಹೋ ಗಯಾ.’
ಏನು ಹೋ ಗಯಾ? ಏನು ಮುಗೀತು? ಐದು ಗಂಟೆಯವರೆಗೆ ಕಂಪ್ಯೂಟರು ನನ್ನದೇ. ಮೇಲ್ ಕಳಿಸುತ್ತೇನೆ. ಮೊದಲು ಈ ಡೈರಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳುವೆ, ಇಂಗ್ಲಿಷು ಆಮೇಲೆ.
ಲಿನ್, ನಾನು ತಪ್ಪು ಮಾಡಿಲ್ಲ. ನೀನೂ ಮಾಡಿಲ್ಲ. ನಿನಗೆ ಕಡಿಮೆ ಸಂಬಳ ಕೊಡಬಹುದೆಂದು ನನ್ನನ್ನು ತೆಗೆದರು. ಇನ್ನೊಂದು ದೇಶ ಸಿಕ್ಕ ದಿನ ನಿನ್ನನ್ನೂ... ಅಲ್ಲಿ ನೀವು ಎಷ್ಟು ಜನ? ಇವತ್ತೇ ಎಲ್ಲರೂ ಒಟ್ಟಿಗೆ ಕೂತು—
ಗಾರ್ಡ್ ಬಂದು ನಿಂತಿದ್ದಾನೆ. ಬ್ಯಾಡ್ಜ್ ಕೊಡಬೇಕಂತೆ. ಒಂದು ನಿಮಿಷ ಭಯ್ಯಾ, ಒಂದೇ—