ಸೀಮೆಸುಣ್ಣದ ಗೀಟು

ಐವರ್ನಾಡು
ತಾ. 12-5-1965

ನೈರೋಬಿಯಲ್ಲಿ ತೊಟ್ಟಿಲು ತೂಗುತ್ತಿರುವ ಮಗಳು ಪಂಕಜಾಕ್ಷಿಗೆ, ಊರಲ್ಲಿ ಇನ್ನೂ ಗಟ್ಟಿ ಇರುವ ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ತಿಳಿಸು.

ನಿನ್ನ ಕಾಗದ ಬಂದು ತಿಂಗಳಾಯ್ತು. ತಡವಾಯಿತೆಂದು ಬೇಸರ ಮಾಡಬೇಡ. ಕನ್ನಡಕದ ಕಾಲು ಮುರಿದಿತ್ತು, ನೂಲು ಕಟ್ಟಿ ಬರೆಯುತ್ತಿದ್ದೇನೆ. ನಿಜ ಹೇಳುದಾದರೆ ಅದು ಮುರಿದು ನಾಲ್ಕೇ ದಿನ. ಉಳಿದ ದಿನ ಸಿಟ್ಟು ಇತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪು ಕಂಡರೆ ತಿದ್ದಿ ಓದು.

ನಿನ್ನ ಅಪ್ಪ ಹುಷಾರಿದ್ದಾರೆ. ಕೆಂಪಿ ದನ ಕರು ಹಾಕಿದೆ. ಅದರ ಬಾಣಂತನವಾದರೂ ನನ್ನ ಕೈಗೆ ಸಿಕ್ಕಿತು.

ಹೋದ ಆದಿತ್ಯವಾರ ನಿನ್ನ ಅತ್ತೆ ಸೇವಂತಿಯಕ್ಕ ಆಲಂಕಾರಿನಿಂದ ಬಸ್ಸು ಹಿಡಿದು ಬಂದಿದ್ದರು. ನಾಲ್ಕು ತಿಂಗಳು ನಿನ್ನ ಬಾಣಂತನ ಮಾಡಿ ಬಂದವರಲ್ಲವಾ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಕಾಲಿಗೆ ಕಾಲುಚೀಲ. ಪಗ್ಗು ತಿಂಗಳ ಸೆಕೆಗೆ ಕಾಲುಚೀಲ! "ಅಭ್ಯಾಸ ಆಗಿಹೋಗಿದೆ ಪೂವಕ್ಕ" ಅಂದರು. ಬೆಳಗ್ಗೆ ಕೂತವರು ಊಟದ ಹೊತ್ತಿನವರೆಗೆ ನೈರೋಬಿಯಲ್ಲಿ ವಿಮಾನ ಇಳಿದ ಕಥೆಯನ್ನೇ ಹೇಳಿದರು. ನೆರೆಮನೆಯ ದಮಯಂತಿ ಬಾಯಿ ಬಿಟ್ಟುಕೊಂಡು ಕೇಳಿದ್ದೇ ಕೇಳಿದ್ದು. ನೊಣ ಹೊಕ್ಕಿದ್ದರೂ ಅವಳಿಗೆ ಗೊತ್ತಾಗ್ತಿರಲಿಲ್ಲ.

ಕ್ರಿಸ್‌ಮಸ್ ರಜೆಯಂತೆ. ಇಳಿದಲ್ಲಿ ಪುತ್ತೂರು ಸಂತೆಯ ಹತ್ತು ಪಾಲು ಜನ, ಹೆಚ್ಚಿನವರು ಸಿಂಹ ನೋಡಲಿಕ್ಕೆ ಬಂದ ಬಿಳಿಯರು. ದುಡ್ಡು ಕೊಟ್ಟು ಸಿಂಹದ ಹತ್ತಿರ ಹೋಗುದು! ನಮ್ಮಲ್ಲಿ ಹುಲಿ ಕೂಗಿದರೆ ಕೊಟ್ಟಿಗೆಗೆ ಎರಡು ಅಗಳಿ ಹಾಕುದು. ನಿಲ್ಲಲಿಕ್ಕೆ ಮೂರು ಸಾಲು ಇತ್ತಂತೆ. ನಿನ್ನ ಅತ್ತೆ ಎಂಟನೇ ಕ್ಲಾಸು ಪಾಸು, ಇಂಗ್ಲಿಷ್ ಬೋರ್ಡು ಓದಿದರು. ಓದಿ, ಆ ಊರಿನವರ ಸಾಲಿನಲ್ಲಿ ಹೋಗಿ ನಿಂತರು! ಮುಕ್ಕಾಲು ಗಂಟೆ ಯಾವಳದ್ದೋ ದೊಡ್ಡ ಟೊಪ್ಪಿಯ ಹಿಂದೆ. ನಾನಾಗಿದ್ದರೆ ಬೋರ್ಡು ನೋಡುವ ಗೋಜಿಗೇ ಹೋಗದೆ ಯಾರನ್ನಾದರೂ ಕೇಳ್ತಿದ್ದೆ. ದೇವರು ಬಾಯಿ ಕೊಟ್ಟಿದ್ದಾನಲ್ಲ.

ಕೊನೆಗೆ ಒಬ್ಬಳು ಮಲಯಾಳಿ ನರ್ಸು ಕನಿಕರಪಟ್ಟು ಸರಿಯಾದ ಸಾಲಿಗೆ ಎಳೆದು ತಂದಳಂತೆ. ಸಿಡುಬಿನ ಚುಚ್ಚುಮದ್ದಿನ ಕಾರ್ಡು ನೋಡಿದರು, ಮೊಹರು ಹೊಡೆದರು. ಆಮೇಲೆ ಸುಂಕದವನು ಟ್ರಂಕು ಬಿಡಿಸಿದ. ಮೇಲೆಯೇ ಇದ್ದದ್ದು ನಾನು ನಿನಗೆ ಮಾಡಿ ಕಳಿಸಿದ ಬಾಣಂತಿ ಲೇಹ್ಯದ ಭರಣಿ. ಇದು ಎಂತದೆಂದು ಕೇಳಿದನಂತೆ. ಎಂಟನೇ ಕ್ಲಾಸು ಅಲ್ಲಿಗೆ ಮುಗಿಯಿತು. "ಮದರ್ ಮೆಡಿಸಿನ್, ಮದರ್ ಮೆಡಿಸಿನ್" ಅಂದರಂತೆ. ಅವ ಮೂಸಿ ನೋಡಿ, ಮುಖ ಕಿವುಚಿ, ಟ್ರಂಕು ಮುಚ್ಚಿ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ.

ನಮ್ಮ ಕಡೆ ಮರಕ್ಕೆ ಸುಣ್ಣದ ಗೀಟು ಬಿದ್ದರೆ ಎಂತ ಅಂತ ನಿನಗೆ ಗೊತ್ತುಂಟಲ್ಲ. ಮರ ಕಂಟ್ರಾಕ್ಟರನದ್ದಾಯ್ತು, ಮರುದಿನ ಕೊಡಲಿ. ಸೇವಂತಿಯಕ್ಕನ ಎದೆ ಧಸಕ್ಕೆಂದಿತಂತೆ. ಸುಂಕದವನು ಆಚೆ ತಿರುಗಿದ್ದೇ ತಡ, ಸೆರಗಿನಲ್ಲಿ ಒರೆಸಿಬಿಟ್ಟರು! ಗೀಟು ಇಲ್ಲದ ಪೆಟ್ಟಿಗೆಯನ್ನು ಬಾಗಿಲಿನವನು ಬಿಡ್ತಾನಾ? ವಾಪಸು ಕಳಿಸಿದ. ಪುನಃ ಗೀಟು. ಪುನಃ ಒರೆಸಿದರು, ಈ ಸಲ ಎಂಜಲು ಮುಟ್ಟಿಸಿ. ಮೂರನೇ ಸಲ ಅವ ಸಿಟ್ಟಿನಲ್ಲಿ ನಾಲ್ಕೂ ಬದಿಗೆ ಗೀಚಿದನಂತೆ. ಆ ನರ್ಸು ಓಡಿ ಬಂದು ಇವರ ಎರಡೂ ಕೈ ಹಿಡಿದುಕೊಂಡು, "ಅಮ್ಮಚ್ಚೀ, ಅದು ಹೊರಗೆ ಬಿಡುವ ಗುರುತು" ಅಂತ ಹೇಳಿ ದಾಟಿಸಿದಳಂತೆ.

ನಾನು ದಮಯಂತಿಗಿಂತ ಜೋರು ನಗಾಡಿದೆ. "ಹಾಗೆ ಒರೆಸಲಿಕ್ಕೆ ಟ್ರಂಕಿನಲ್ಲಿ ಎಂತ ಬಂಗಾರ ಇತ್ತಾ ಮಾರಾಯ್ರೆ?" ಕೇಳಿದೆ.

"ನನ್ನ ಸೀರೆ ಹೋದರೆ ಹೋಗಲಿ ಪೂವಕ್ಕ. ನೀವು ಒಲೆ ಬುಡದಲ್ಲಿ ಬೆಂದು ಮಾಡಿದ ಲೇಹ್ಯ. ಅದು ಹೋಗಿದ್ದರೆ ನಿಮ್ಮ ಮಗಳಿಗೆ ನಾನು ಎಂತ ಮುಖ ತೋರಿಸುದು?"

ಅವರು ಕೆಟ್ಟ ಹೆಂಗಸಾಗಿದ್ದರೆ ನನಗೆ ಎಷ್ಟು ಸುಲಭ ಇತ್ತು ನೋಡು. ಎರಡು ಸಲ ಪಾಯಸ ಬಡಿಸಿದೆ. ಬೇರೆ ಎಂತ ಮಾಡುದು?

ಹೊರಡುವಾಗ ಮಾತ್ರ, "ಮಗುವಿಗೆ ನನ್ನ ಸೆರಗು ಹೊದೆಸದಿದ್ದರೆ ನಿದ್ದೆಯೇ ಇಲ್ಲ" ಅಂದರು. ಅಂದು ಉಂಡದ್ದು ನನಗೆ ಮೈಗೆ ಹತ್ತಲಿಲ್ಲ. ಮೊದಲ ಬಾಣಂತನ ಹೆತ್ತವಳದ್ದು. ಆ ಸೆರಗು ನನ್ನದಾಗಬೇಕಿತ್ತು.

ಇರಲಿ. ಮಗುವಿಗೆ ಆಗಾಗ ದೃಷ್ಟಿ ತೆಗಿ. ನೀನು ತಲೆಗೆ ತಣ್ಣೀರು ಹಾಕಬೇಡ. ಮಗ ನಿನ್ನ ಅಪ್ಪನ ಹಾಗೆ ತಾಳ್ಮೆಯವನಾಗಲಿ, ನನ್ನ ಹಾಗೆ ಗಟ್ಟಿಯಾಗಲಿ.

ನಿನ್ನನ್ನು ಹೆತ್ತ,
ಪೂವಕ್ಕ

ತಾ.ಕ.: ಸೇವಂತಿಯಕ್ಕ ಬಾಯಿ ತಪ್ಪಿ ಒಂದು ಮಾತು ಹೇಳಿದರು. ನನ್ನ ಮಂಡಿ ನೋವಿಗೆ ವಿಮಾನ ಆಗುದಿಲ್ಲ ಅಂತ ನೀನು ನನಗೆ ಬರೆದದ್ದು. ಅವರಿಗೆ ಬರೆದದ್ದೇ ಬೇರೆಯಂತೆ, ಅಮ್ಮನಿಗೆ ಓದು ಇಲ್ಲ, ಬಾಯಿ ಬೇರೆ ಜೋರು, ಅಷ್ಟು ಜನರ ಎದುರು ನಮಗೆ ನಾಚಿಕೆ ಅಂತ. ದೀಪಾವಳಿಗೆ ಮೊದಲು, ಊರಿಂದ ಒಬ್ಬರನ್ನು ಕರೆಸ್ತೇವೆ ಅಂತ ಬರೆದಿದ್ದೆಯಲ್ಲ? ಅದು ನಾನೇ ಅಂದುಕೊಂಡೆ. ಹಲ್ಲು ಕೀಳಿಸಲಿಕ್ಕೆ ಅಂತ ಅಪ್ಪನಿಗೆ ಸುಳ್ಳು ಹೇಳಿ ಪುತ್ತೂರಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡೆ. ತೋಳು ಊದಿ ಜ್ವರ ಬಂತು. ಆ ತೋಳಿನಲ್ಲೇ ನಿನ್ನ ಲೇಹ್ಯ ಮಗುಚಿ ಕಾಯಿಸಿದ್ದು. ಫೋಟೋವನ್ನು ಈ ವಿಮಾನ ಟಪಾಲಿನ ನೀಲಿ ಕಾಗದದೊಳಗೆ ಇಡಬಾರದಂತೆ, ಪೋಸ್ಟಿನ ಗುರುವಪ್ಪ ಹೇಳಿದ. ಪೆಟ್ಟಿಗೆಯಲ್ಲೇ ಉಂಟು. ನಿನ್ನ ಅತ್ತೆಯ ಟ್ರಂಕಿನ ಗೀಟು ಎಂಜಲು ಮುಟ್ಟಿಸಿದರೆ ಹೋಯಿತು. ನನ್ನ ತೋಳಿನ ಗುರುತು ಹಾಗೇ ಉಂಟು.