ಹನ್ನೊಂದು ನಾಣ್ಯ ಉಳಿಸಿದ ಮಧ್ಯಾಹ್ನ

ತೇಲುಗಟ್ಟೆ, ಕಾರವಾರ
ಗುರುವಾರ, ಫೆಬ್ರವರಿ ೩೦, ೨೧೯೪

ಮೊಬೈಲ್ ಹಿಡಿದು ಒಬ್ಬರೇ ಕೂತಿರುವ ಹಿರಿಯರಿಗೆ,

ಮೇಲಿನ ದಿನಾಂಕ ತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನ್ಯಾಯ ಮಾಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ನಿಮ್ಮ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಇಲ್ಲಿ ಹಣ ಕಳಿಸಿ ಕಾಯುವವರಿಗೆ ಒಂದು ಹಾಳೆ ಕೊಟ್ಟು, ಉತ್ತರ ಬರೆಯಲಾರದವರಿಗೆ ಪತ್ರ ಬರೆಯಿರಿ ಎನ್ನುವ ಪದ್ಧತಿಯಿದೆ. ಕೈಗೆ ಕೆಲಸವಿದ್ದರೆ ಹಣ ಕಳಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದಿಲ್ಲ ಎಂದು. ಮೂವತ್ತೊಂದು ವರ್ಷ ಊರಿಗೆಲ್ಲ ಹಾಳೆ ಕೊಟ್ಟವಳು ಇವತ್ತು ನಾನೇ ಒಂದು ತೆಗೆದುಕೊಂಡೆ.

ನನ್ನ ಕೆಲಸದ ಹೆಸರು ಜೊತೆಗಣ್ಣು. ಹಾಗೆಂದರೆ, ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಸ್ಥಿರನಾಣ್ಯ ದಾಟಿಸುವವರ ಪಕ್ಕ ಕೂರುವವಳು. ಸ್ಥಿರನಾಣ್ಯವನ್ನು ನೀವು ಸ್ಟೇಬಲ್‌ಕಾಯಿನ್ ಅನ್ನುತ್ತೀರಿ: ಇವತ್ತಿನ ಒಂದು ನಾಳೆಯೂ ಒಂದೇ ಆಗಿರಲಿ ಎಂದು ಮಾಡಿದ ನಾಣ್ಯ. ಅದು ಓಡಾಡುವ ಬ್ಲಾಕ್‌ಚೈನ್ ಜಾಲಗಳು ನಮ್ಮಲ್ಲಿ ನಾನೂರು. ಒಂದರ ನಾಣ್ಯ ಇನ್ನೊಂದರಲ್ಲಿ ತಾನಾಗಿ ನಡೆಯದು, ಸೇತುವೆ ದಾಟಿಸಬೇಕು. ನಿಮ್ಮ ಮೊಬೈಲಿನ ವಾಲೆಟ್ ನಮ್ಮಲ್ಲಿ ಮಣಿಕಟ್ಟಿನ ಪಟ್ಟಿಯಾಗಿದೆ, ಅಷ್ಟೇ ವ್ಯತ್ಯಾಸ. ಹೆದರಿಕೆ ಅದೇ.

ತೇಲುಗಟ್ಟೆಯಲ್ಲಿ ಇಪ್ಪತ್ತೆರಡು ಕೋಣೆಗಳಿವೆ, ಕೆಳಗೆ ನೀರು, ಅದರ ಕೆಳಗೆ ಮುಳುಗಿದ ಹಳೆಯ ಪೇಟೆ. ಜನ ಬೆಳಿಗ್ಗೆಯೇ ದೋಣಿಯಲ್ಲಿ ಬರುತ್ತಾರೆ, ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು. ಬಂದವರು ಹಣ ಹೋಗಬೇಕಾದ ವಾಲೆಟ್ ವಿಳಾಸದ ಕೊನೆಯ ಆರು ಅಕ್ಷರಗಳನ್ನೂ ಜಾಲದ ಹೆಸರನ್ನೂ ಗಟ್ಟಿಯಾಗಿ ಓದಬೇಕು, ನಾನು ತಿರುಗಿ ಹೇಳಬೇಕು. ಮೊದಲು ಕಳಿಸುವುದು ಒಂದೇ ನಾಣ್ಯ. ಅದಕ್ಕೆ ಮುಂಬಂಟ ಎನ್ನುತ್ತೇವೆ. ಅತ್ತ ಕಡೆಯವರು ಬಂತು ಎಂದು ಬಾಯಿಬಿಟ್ಟು ಹೇಳಿದ ಮೇಲೆ, ಅದು ಹೋದ ದಾರಿಯಲ್ಲೇ ಉಳಿದದ್ದೆಲ್ಲ. ಪಕ್ಕದಲ್ಲಿ ಇನ್ನೊಬ್ಬರಿಲ್ಲದೆ ಒತ್ತುವುದು ಇಲ್ಲಿ ಅಪರಾಧವಲ್ಲ, ಆದರೆ ಎಂಜಲು ಬಡಿಸಿದಷ್ಟು ಅಸಹ್ಯ.

ನನ್ನ ಮಗಳು ಕಿನ್ನರಿ ಮೊಂಬಾಸಾದ ಆಚೆ ನಿಂತಿರುವ ಆಸ್ಪತ್ರೆ ಹಡಗಿನಲ್ಲಿದ್ದಾಳೆ. ಅವಳ ಶ್ವಾಸಕೋಶಕ್ಕೆ ಹೊಸ ಪೊರೆ ಹಾಕಬೇಕು, ಎರಡು ಶಸ್ತ್ರಚಿಕಿತ್ಸೆಗಳಲ್ಲಿ. ಮೊದಲನೆಯದರ ಹಣ ನಾಳೆ ಸಂಜೆಯೊಳಗೆ ತಲುಪದಿದ್ದರೆ ಹಾಸಿಗೆ ಮುಂದಿನವರಿಗೆ ಹೋಗುತ್ತದೆ. ಆಸ್ಪತ್ರೆ ಹಣ ತೆಗೆದುಕೊಳ್ಳುವುದು ಹವಳ ಎಂಬ ಒಂದೇ ಜಾಲದಲ್ಲಿ. ನನ್ನ ನಾಣ್ಯಗಳಿದ್ದದ್ದು ಬೇರೆಯದರಲ್ಲಿ. ಇದಕ್ಕಾಗಿ ಮನೆ ಮಾರಿದ್ದೆ. ಅದು ಪಕ್ಕದ ಕೋಣೆಯ ನಫೀಸಾಳಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಅವಳೂ ಜೊತೆಗಣ್ಣೇ. ಈ ಕೆಲಸದ ಪರೀಕ್ಷೆಯಲ್ಲಿ ಅವಳನ್ನು ಎರಡು ಸಲ ಫೇಲು ಮಾಡಿದವಳು ನಾನು. ಅವಳ ಮುಂದೆ ಕೂತು ನನ್ನ ಮೊತ್ತವನ್ನು ಗಟ್ಟಿಯಾಗಿ ಓದಲೇ? ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ.

ಮುಂಬಂಟ ಸರಿಯಾಗಿಯೇ ಹೋಯಿತು. ಬಂತೆಂದು ಕಿನ್ನರಿಯೇ ವಿಚಾರಿಸಿ ಹೇಳಿದಳು. ಅಷ್ಟರಲ್ಲಿ ಹವಳದ ಶುಲ್ಕ ಏರಿತು. ವಾಲೆಟ್ ಬಹಳ ವಿನಯದಿಂದ ಇನ್ನೊಂದು ದಾರಿ ತೋರಿಸಿತು: ಪಚ್ಚೆ ಎಂಬ ಜಾಲ, ಅದೇ ವಿಳಾಸ, ಹನ್ನೊಂದು ನಾಣ್ಯ ಉಳಿತಾಯ. ವಿಳಾಸ ಅದೇ ಇದೆಯಲ್ಲ ಎಂದುಕೊಂಡೆ. ನೀವೂ ಹಾಗೇ ಅಂದುಕೊಳ್ಳುತ್ತೀರಿ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಜಾಲದ ಹೆಸರನ್ನು ತಿರುಗಿ ಹೇಳುತ್ತಿದ್ದರು. ಒತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಇದೇ ಕೋಣೆಯಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ.

ಹಣ ಕಳೆದಿಲ್ಲ, ಅದೇ ಹಿಂಸೆ. ಆಸ್ಪತ್ರೆಯ ವಿಳಾಸದಲ್ಲೇ ಇದೆ, ಆದರೆ ಅವರು ಬಾಗಿಲು ತೆರೆಯದ ಜಾಲದಲ್ಲಿ. ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಅದನ್ನು ಎತ್ತಲು ಆಸ್ಪತ್ರೆಯ ಐವರು ಕೀಲಿದಾರರಲ್ಲಿ ಮೂವರು ಒಟ್ಟಿಗೆ ಕೂರಬೇಕು, ಅವರು ಕೂರುವುದು ಶನಿವಾರ. ಅಲ್ಲಿಯ ಗುಮಾಸ್ತ ಒಳ್ಳೆಯವನು. ನಿಮ್ಮ ಕಟ್ಟೆಯ ಇಬ್ಬರು ಜೊತೆಗಣ್ಣುಗಳು ಸಹಿ ಹಾಕಿ ಕೇಳಿದರೆ ನಾಳೆ ಬೆಳಿಗ್ಗೆಯೇ ಕೂರಿಸಲು ನೋಡುತ್ತೇನೆ ಎಂದ. ಇನ್ನೊಂದು ಸಹಿ ಇಲ್ಲ ಎನ್ನದೆ, ಆಗಲಿ ಎಂದು ಮಾತು ಮುಗಿಸಿದೆ.

ಆಮೇಲೆ, ಹಣ ದಾರಿ ತಪ್ಪಿದ್ದು ಇನ್ನೂ ಗೊತ್ತಿಲ್ಲದ ಕಿನ್ನರಿಯ ಕರೆ ಬಂತು. ಅವಳು ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕುತ್ತಾಳೆ.

"ಆಯಿ, ಒತ್ತೋವಾಗ ನಿನ್ನ ಸಂಗ್ತಿಗೆ ಯಾರು ಕೂತ್ಕಂಡಿದ್ರು?"

ನಫೀಸಾ ಎಂದೆ.

"ಹಂಗಾದ್ರೆ ಹೆದ್ರಿಕೆ ಇಲ್ಲ ಬಿಡು," ಎಂದಳು.

ಕರೆ ಮುಗಿಯುತ್ತಿದ್ದಂತೆ ಪಟ್ಟಿಯ ಮೇಲೆ ಒಂದು ಸಂದೇಶ. ತಾನು ಸೇತುವೆಯ ಸಹಾಯಕ ಎನ್ನುವವನದು. ವಾಲೆಟ್ಟಿನ ಹನ್ನೆರಡು ಗುಪ್ತಪದಗಳನ್ನು ಕೊಟ್ಟರೆ ಹತ್ತು ನಿಮಿಷದಲ್ಲಿ ಹಣವನ್ನು ಹವಳಕ್ಕೆ ಎಳೆದುಕೊಡುತ್ತಾನಂತೆ. ಆ ಪದಗಳು ವಾಲೆಟ್ಟಿನ ಬೀಗದಕೈ. ಕೊಟ್ಟರೆ ಎಲ್ಲ ಕೊಟ್ಟಂತೆ. ಎರಡನೇ ಶಸ್ತ್ರಚಿಕಿತ್ಸೆಯ ಹಣ ಇನ್ನೂ ಅದರೊಳಗಿದೆ. ಇವನು ಕಳ್ಳ ಎಂದು ನನಗೆ ಗೊತ್ತು. ಇಂಥವರ ಬಗ್ಗೆ ತಿಂಗಳಿಗೊಮ್ಮೆ ಪಾಠ ಮಾಡುತ್ತೇನೆ. ಗೊತ್ತಿದ್ದೂ ಏಳು ಪದ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಕಳ್ಳನ ಮುಂದೆ ನಾಚಬೇಕಾಗಿಲ್ಲ ನೋಡಿ, ಅದಕ್ಕೇ ಅವನು ನಮ್ಮವನ ಹಾಗೆ ಕಾಣುತ್ತಾನೆ. ನನಗೆ ಭಯವಾಗುತ್ತಿರುವುದು ಅವನ ಬಗ್ಗೆ ಅಲ್ಲ, ನನ್ನ ಬೆರಳುಗಳ ಬಗ್ಗೆ.

ಹಿರಿಯರೇ, ನಿಮ್ಮನ್ನು ಬೇಡುವುದು ಇಷ್ಟೇ. ಒತ್ತುವ ಮೊದಲು ಯಾರನ್ನಾದರೂ ಕರೆದು ಪಕ್ಕ ಕೂರಿಸಿಕೊಳ್ಳಿ. ತಿಳಿದವರೇ ಆಗಬೇಕೆಂದಿಲ್ಲ, ಓದಲು ಬಂದರೆ ಸಾಕು. ತಪ್ಪು ಆಗಿಯೇ ಹೋಗಿದ್ದರೆ, ತಾನಾಗಿ ಸಹಾಯಕ್ಕೆ ಬಂದವನನ್ನು ಬಿಟ್ಟು, ಯಾರ ಮುಂದೆ ಹೇಳಲು ನಿಮಗೆ ನಾಚಿಕೆಯೋ ಅವರಿಗೇ ಹೇಳಿ.

ಪಕ್ಕದ ಕೋಣೆಯಲ್ಲಿ ನಫೀಸಾ ಯಾರದೋ ಆರು ಅಕ್ಷರಗಳನ್ನು ತಿರುಗಿ ಹೇಳುತ್ತಿದ್ದಾಳೆ. ಗೋಡೆ ತೆಳು. ಏಳು ಪದಗಳನ್ನೂ ಅಳಿಸಿದೆ. ಏಳುತ್ತಿದ್ದೇನೆ. ಅವಳ ಬಾಗಿಲು ತಟ್ಟಿ ಮನೆಯ ವಿಷಯ, ಸಹಿಯ ವಿಷಯ ಎಲ್ಲ ಹೇಳಬೇಕು. ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿದೆ: ಮಗಳ ಹತ್ತಿರ ನಿನ್ನ ಹೆಸರು ಹೇಳಿದ್ದೇನೆ, ಈಗಲಾದರೂ ಪಕ್ಕ ಬಂದು ಕೂರು, ಅದನ್ನು ಸುಳ್ಳು ಮಾಡಬೇಡ.

ಶೇವಂತಿ ಹರಿಕಂತ್ರ