ಗೀಚಿ ಬರೆದ ಪದ

ನವೆಂಬರ್ ೧೮, ಮಂಗಳವಾರ

ಆರನೇ ಕ್ಲಾಸಿನ ಪ್ರಕೃತಿಯ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ‘ಕೀನ್’ (keen) ಆದಮೇಲಿನ ಪದವನ್ನು ‘ಆನ್’ ಎಂದೂ ಓದಬಹುದು, ‘ಇನ್’ ಎಂದೂ ಓದಬಹುದು. ಮೊದಲ ಅಕ್ಷರ ‘o’ನೋ ‘i’ನೋ ತಿಳಿಯದ ಹಾಗೆ ಗೀಚಿದ್ದಾಳೆ.

“ಇದೇನೇ ಇದು?”

“ಡೌಟ್ ಇದ್ರೆ ನೀವೂ ಬೋರ್ಡ್ ಮೇಲೆ ಹಿಂಗೇ ಬರೀತೀರಲ್ಲ, ಮಿಸ್. ಯಾರೂ ತಪ್ಪು ಅನ್ನಕ್ಕಾಗಲ್ಲ.” ಮೆಚ್ಚಿಕೊಂಡೇ ಹೇಳಿದಳು.

ಕತ್ರಿಗುಪ್ಪೆಯ ಕನ್ನಡ ಮೀಡಿಯಂ ಹುಡುಗಿಯಾದ ನಾನು ಜಯನಗರದ ಸ್ಕೂಲಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಮಿಸ್ ಆಗಿ ಉಳಿದಿದ್ದೇ ಆ ಗೀಚಿನಿಂದ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ನಾಳೆ ಪ್ರಿನ್ಸಿಪಾಲರು ನನ್ನ ಪಾಠ ನೋಡಲು ಬರುತ್ತಾರೆ. ಪ್ರಕೃತಿ ಕೂರುವುದು ಮೊದಲ ಬೆಂಚಿನಲ್ಲಿ.

ಅವಳ ಪುಟಕ್ಕೆ ಆಗಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಬಿಟ್ಟಿದ್ದೇನೆ. ಈಗ ನೋಡಿದರೆ ಆ ಗುರುತು ರೈಟೋ ತಪ್ಪೋ ನನಗೇ ತಿಳಿಯುತ್ತಿಲ್ಲ.